ಯಾವ ಕೈ ಯಾರದು

ಚಿಕ್ಕ ಮಕ್ಕಳಿಗೆ ಚಿತ್ರ ಕಲಿಸುವುದೆಂದರೆ ಅರ್ಧ ಕೆಲಸ ಕೈ ಹಿಡಿಯುವುದೇ. ಒಂದನೇ ಕ್ಲಾಸಿನ ಮಗು ಬಣ್ಣದ ಕಡ್ಡಿಯನ್ನು ಬೆರಳಲ್ಲಿ ಹಿಡಿಯುವುದಿಲ್ಲ, ಮುಷ್ಟಿಯಲ್ಲಿ ಹಿಡಿಯುತ್ತದೆ. ಒತ್ತಿದರೆ ಕಡ್ಡಿ ಮುರಿಯುತ್ತದೆ. ಸಡಿಲ ಬಿಟ್ಟರೆ ಗೆರೆ ಎತ್ತಲೋ ಓಡುತ್ತದೆ. ಆಗ ಹಿಂದಿನಿಂದ ಬಂದು, ಮಂಡಿಯೂರಿ, ಆ ಪುಟ್ಟ ಕೈಯ ಮೇಲೆ ತನ್ನ ಕೈ ಇಟ್ಟು ಗೆರೆ ಎಳೆಸಬೇಕು. ಒಂದೆರಡು ಸಲ ಎಳೆಸಿದ ಮೇಲೆ ಮಗುವಿನ ಕೈ ತಾನೇ ಹೊರಡುತ್ತದೆ. ಹೊರಟದ್ದು ಕಣ್ಣಿಗೆ ತಿಳಿಯುವುದಿಲ್ಲ, ಅಂಗೈಗೆ ತಿಳಿಯುತ್ತದೆ. ಡ್ರಾಯಿಂಗ್ ಮಿಸ್ಸಿಗೆ ಅದೇ ದೇವರ ದರ್ಶನ. ಬೇರೆ ದೇವರನ್ನು ಹುಡುಕಿಕೊಂಡು ಹೋಗುವಷ್ಟು ಬಿಡುವು ಅವಳಿಗೆ ಇರಲೂ ಇಲ್ಲ.

ಅವಳ ಕೋಣೆ ಇದ್ದದ್ದು ಮೆಟ್ಟಿಲ ಕೆಳಗೆ. ಒಂದು ಕಡೆ ಚಾವಣಿ ಇಳಿಜಾರಾಗಿ ನೆಲ ಮುಟ್ಟುತ್ತಿತ್ತು. ಅತ್ತ ಹೋಗಬೇಕೆಂದರೆ ಸೊಂಟ ಬಗ್ಗಿಸಬೇಕು. ಕಾಲು ಮುರಿದ ಕುರ್ಚಿಗಳು, ಆಯಾಳ ಬಕೆಟ್ಟು, ಪೊರಕೆ, ಫಿನಾಯಿಲ್ ಡಬ್ಬ, ಬಣ್ಣದ ಬಾಟಲಿ, ಎಲ್ಲಕ್ಕೂ ಅದೇ ಕೋಣೆ. ಲೆಕ್ಕದ ಮೇಷ್ಟ್ರಿಗೆ ಚಾರ್ಟು ಬೇಕೇ, ಡ್ರಾಯಿಂಗ್ ಮಿಸ್ಸು. ಹೆಡ್ ಮೇಡಂ ಮಗನ ಪ್ರಾಜೆಕ್ಟು ನಾಳೆಯೇ ಕೊಡಬೇಕೇ, ಡ್ರಾಯಿಂಗ್ ಮಿಸ್ಸು. ವೇದಿಕೆಗೆ ಥರ್ಮೋಕೋಲ್ ಅಕ್ಷರ ಕತ್ತರಿಸುವುದು, ಗೇಟಿನ ಮೇಲಿನ ಬೋರ್ಡಿಗೆ ಬಣ್ಣ ಹಚ್ಚುವುದು, ಬಂದವರಿಗೆ ಚೆಂದ ಕಾಣುವಂತೆ ಮಕ್ಕಳ ಚಿತ್ರಗಳನ್ನು ತಿದ್ದಿ ಗೋಡೆಗೆ ಅಂಟಿಸುವುದು. ಪರೀಕ್ಷೆ ಹತ್ತಿರ ಬಂದರೆ ಅವಳ ಪೀರಿಯಡ್ಡು ಲೆಕ್ಕಕ್ಕೆ ಹೋಗುತ್ತಿತ್ತು. "ನಿಮ್ಮದೇನ್ರೀ, ಗೀಚೋದು ತಾನೆ" ಎಂದು ಮೇಷ್ಟ್ರು ನಗುತ್ತಾ ಹೇಳಿ ಡಸ್ಟರ್ ಎತ್ತಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಸಹಿಸಿಕೊಂಡು ಇದ್ದದ್ದು ಎರಡು ಕಾರಣಕ್ಕೆ. ಒಂದು, ಮಕ್ಕಳ ಕೈ. ಇನ್ನೊಂದು, ಬೀರು. ಕೆಲಸಕ್ಕೆ ಸೇರುವಾಗ ಆ ಶಾಲೆಯಲ್ಲಿ ಎಲ್ಲರ ಒರಿಜಿನಲ್ ಸರ್ಟಿಫಿಕೇಟುಗಳನ್ನು ತೆಗೆದುಕೊಂಡು ಹೆಡ್ ಮೇಡಂ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದರು. ಮಾತು ಕೊಟ್ಟಷ್ಟು ವರ್ಷ ದುಡಿದರೆ ವಾಪಸ್ಸು, ನಡುವೆ ಬಿಟ್ಟರೆ ಇಲ್ಲ. ಸರ್ಟಿಫಿಕೇಟಿಲ್ಲದೆ ಬೇರೆ ಶಾಲೆಯವರು ಗೇಟಿನ ಒಳಗೂ ಬಿಡುವುದಿಲ್ಲ. ಅವಳ ಅವಧಿ ಮುಗಿಯಲು ಇನ್ನೊಂದೇ ವರ್ಷ ಉಳಿದಿತ್ತು. ಅದು ಕಳೆದರೆ ಅವಳ ಓದು ಅವಳ ಕೈಗೆ ಬರುತ್ತಿತ್ತು. ಬಾರದಿದ್ದರೆ ಅಪ್ಪನ ಜೊತೆ ಸುಣ್ಣದ ತೊಟ್ಟಿಗೆ ಇಳಿಯಬೇಕು.

ಅವಳು ತೊಗಲು ಹದ ಮಾಡುವ ಓಣಿಯವಳು. ಊರಿನ ತುದಿಯಲ್ಲಿ, ಚರಂಡಿಯ ಆಚೆ ಆ ಓಣಿ. ಅಪ್ಪ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಮರದ ದಿಮ್ಮಿಯ ಮೇಲೆ ಹಾಸಿ, ಬಾಗಿದ ಕತ್ತಿಯಿಂದ ಕೂದಲು ಹೆರೆಯುತ್ತಿದ್ದ. ಸುಣ್ಣ ಅವನ ಉಗುರುಗಳನ್ನು ತಿಂದುಹಾಕಿತ್ತು. ಬೆರಳ ತುದಿಗಳು ಸದಾ ಬೆಳ್ಳಗೆ ಉಬ್ಬಿಕೊಂಡಿರುತ್ತಿದ್ದವು. ಅವಳು ಚಿತ್ರ ಕಲಿಯುವ ಕಾಲೇಜು ಮುಗಿಸಿದ ದಿನ ಅಪ್ಪ ಅವಳ ಕೈ ಎರಡನ್ನೂ ತಿರುಗಿಸಿ ನೋಡಿ, "ಇದನ್ನ ಇಲ್ಲಿ ಅದ್ದಬೇಡ ಮಗಳೇ" ಎಂದಿದ್ದ. ಅಷ್ಟೇ ಹೇಳಿದ್ದು.

ಶಾಲೆಯಲ್ಲಿ ಯಾರೂ ಓಣಿಯ ವಿಷಯ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಒಂದು ರಜೆಯ ದಿನ ಯಾರೋ ಮಗುವಿನ ತಂದೆ ತೊಗಲು ಕೊಳ್ಳಲು ಓಣಿಗೆ ಬಂದ. ಡ್ರಾಯಿಂಗ್ ಮಿಸ್ಸು ದಿಮ್ಮಿಯ ಪಕ್ಕ ನಿಂತು ಅಪ್ಪನಿಗೆ ನೀರು ಸುರಿಯುತ್ತಿದ್ದಳು. ಅವನು ನೋಡಿದ, ಅವಳೂ ನೋಡಿದಳು. ಸೋಮವಾರದ ಹೊತ್ತಿಗೆ ಶಾಲೆಯ ಗೋಡೆಗಳಿಗೂ ಸುದ್ದಿ ಗೊತ್ತಿತ್ತು.

ಹೆಡ್ ಮೇಡಂ ಅವಳನ್ನು ಕರೆಸಿದರು. ಕೂರು ಎನ್ನಲಿಲ್ಲ. ಬೇರೆ ಟೀಚರುಗಳನ್ನೆಲ್ಲ ನೀವು ಎನ್ನುತ್ತಿದ್ದವರು ಅವತ್ತಿನಿಂದ ಇವಳನ್ನು ನೀನು ಎಂದರು. ಮೇಜಿನ ಮೇಲೆ ಬಿಳಿ ಬಟ್ಟೆಯ ಕೈಗವಸು ಇಟ್ಟಿದ್ದರು, ಹೊಸತು, ಪ್ಲಾಸ್ಟಿಕ್ ಚೀಲದೊಳಗೆ.

"ನೋಡಮ್ಮ, ನಾನು ಅಂಥದ್ದೆಲ್ಲ ನೋಡೋಳಲ್ಲ. ಮನುಷ್ಯರೆಲ್ಲ ಒಂದೇ ಅನ್ನೋಳು ನಾನು. ಆದ್ರೆ ಪೇರೆಂಟ್ಸ್ ಬಾಯಿ ಮುಚ್ಚಿಸೋಕಾಗತ್ತಾ? ಮಕ್ಕಳ ಕೈ ಹಿಡೀತೀಯ ನೀನು. ಅದಕ್ಕೆ."

"ಎಲ್ಲಾ ಟೀಚರಿಗೂ ಕೊಟ್ಟಿದ್ದೀರಾ ಮೇಡಂ?"

"ಎಲ್ಲರೂ ಕೈ ಹಿಡಿಯಲ್ವಲ್ಲ." ಹೆಡ್ ಮೇಡಂ ಬೀರುವಿನ ಕಡೆ ನೋಡಿದರು. "ಇನ್ನೊಂದು ವರ್ಷ ತಾನೆ ನಿಂದು. ಸುಮ್ನೆ ಯಾಕೆ ರಿಮಾರ್ಕು?"

ಅವಳು ಕೈಗವಸು ತೆಗೆದುಕೊಂಡಳು. ಥ್ಯಾಂಕ್ಸ್ ಅಂದಳು. ಬಾಯಿ ತಪ್ಪಿ ಬಂದ ಆ ಒಂದು ಮಾತು ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿತು.

ಅಪ್ಪ ಕೈಗವಸನ್ನು ನೋಡಿ ಮೊದಲು ನಕ್ಕ. ನಕ್ಕು ಕೆಮ್ಮಿದ.

"ತೊಗಲಿನದೇ ಬೇಕು ಅಂದಿದ್ರೆ ನಾನೇ ಮಾಡಿಕೊಡ್ತಿದ್ನಲ್ಲ. ಅವರ ಕಾಲಿನ ಬೂಟು, ಸೊಂಟದ ಬೆಲ್ಟು, ಮಕ್ಕಳ ಬ್ಯಾಗು, ಎಲ್ಲ ಈ ಕೈ ದಾಟಿಯೇ ಹೋಗಿರೋದು. ಆವಾಗ ಯಾರೂ ಗ್ಲೌಸ್ ಹಾಕ್ಕೋ ಅನ್ಲಿಲ್ಲ." ಕೈಗವಸನ್ನು ಪಕ್ಕಕ್ಕಿಟ್ಟು ಮತ್ತೆ ಅಂದ: "ದೇವರು ಮಣ್ಣು ಕಲಸಿ ನಮ್ಮನ್ನೆಲ್ಲ ಮಾಡ್ದ ಅಂತಾರೆ. ಬರಿಗೈಲೇ ಕಲಸಿರ್ಬೇಕು ಕಣಮ್ಮ. ಇಲ್ಲಾಂದ್ರೆ ಮೂಗು ಇಷ್ಟು ನೆಟ್ಟಗೆ ಬರ್ತಿರ್ಲಿಲ್ಲ."

"ಬಿಟ್ಟು ಬಂದುಬಿಡ್ಲಾ ಅಪ್ಪ?"

ಅಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ.

ಕೈಗವಸು ಹಾಕಿಕೊಂಡ ಮೇಲೆ ಕೆಲಸ ಕೆಟ್ಟಿತು. ಬಟ್ಟೆಯ ಬೆರಳಿನಲ್ಲಿ ಮಗುವಿನ ಕೈ ಜಾರುತ್ತಿತ್ತು. ಜೇಡಿಮಣ್ಣಿನ ಗೊಂಬೆ ಮಾಡಿಸುವಾಗ ಮಣ್ಣೆಲ್ಲ ಅವಳ ಕೈಗೇ ಮೆತ್ತಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಗುವಿನ ಕೈ ತಾನೇ ಹೊರಡುವ ಕ್ಷಣ ಅವಳಿಗೆ ತಿಳಿಯದೆ ಹೋಯಿತು. ಹೊರಟ ಕೈಯನ್ನೂ ಹಿಡಿದೇ ಇರುತ್ತಿದ್ದಳು. ಮಕ್ಕಳು ಕಿರಿಕಿರಿಯಿಂದ ಕೈ ಕೊಸರಿಕೊಳ್ಳುತ್ತಿದ್ದವು.

"ಮಿಸ್, ನಿಮ್ಮ ಕೈ ಎಲ್ಲಿ?" ಎಂದು ಒಂದು ಮಗು ಕೇಳಿತು.

"ಒಳಗಿದೆ."

"ಗಾಯ ಆಗಿದ್ಯಾ?"

"ಇಲ್ಲಪ್ಪ."

"ಮತ್ತೆ ಯಾಕೆ ಬಚ್ಚಿಟ್ಟಿದ್ದೀರ?"

ಕ್ಲಾಸೆಲ್ಲ ಉತ್ತರಕ್ಕೆ ಕಾದಿತ್ತು. ಕೊನೆಯ ಬೆಂಚಿನ ಒಂದು ಹುಡುಗಿ ಮಾತ್ರ ತಲೆ ಎತ್ತಲಿಲ್ಲ. ಅವಳು ಗುಬ್ಬಿ. ಸಣ್ಣಗಿದ್ದಾಳೆ, ಎಲ್ಲಿ ನಿಂತರೂ ಹಾರಿಹೋಗುವವಳಂತೆ ನಿಲ್ಲುತ್ತಾಳೆ ಎಂದು ಮಿಸ್ಸೇ ಇಟ್ಟ ಹೆಸರು. ಪುಕ್ಕಟೆ ಸೀಟಿನಲ್ಲಿ ಓಣಿಯಿಂದ ಬರುತ್ತಿದ್ದ ಮೂವರು ಮಕ್ಕಳಲ್ಲಿ ಒಬ್ಬಳು. ಮಿಸ್ಸಿನ ಕೈ ಯಾಕೆ ಒಳಗಿದೆ ಎಂದು ಅವಳಿಗೆ ಗೊತ್ತಿತ್ತು. ಅವಳು ತನ್ನ ಕೈಗಳನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡಳು. ಮಿಸ್ಸು ಅದನ್ನು ನೋಡಿದಳು.

ವರ್ಷದ ಕೊನೆಯಲ್ಲಿ ಶಾಲೆಯ ವಾರ್ಷಿಕೋತ್ಸವ. ಅದಕ್ಕೊಂದು ದೊಡ್ಡ ಬಟ್ಟೆ ಮಾಡಿಸಬೇಕೆಂದು ಹೆಡ್ ಮೇಡಂ ಹೇಳಿದರು. ಬಿಳಿ ಬಟ್ಟೆ, ಅದರ ತುಂಬ ಶಾಲೆಯ ಎಲ್ಲ ಮಕ್ಕಳ ಅಂಗೈ ಅಚ್ಚು. ಒಂದೇ ನೀಲಿ ಬಣ್ಣ, ನೋಡಲು ಗಂಭೀರವಾಗಿರುತ್ತದೆ. ನಡುವೆ ದೊಡ್ಡ ಅಕ್ಷರದಲ್ಲಿ 'ನಾವೆಲ್ಲರೂ ಒಂದು'. ಶಾಲಾ ಕಮಿಟಿಯ ಅಧ್ಯಕ್ಷರು ಪರದೆ ಸರಿಸುತ್ತಾರೆ. ಅವರ ಮೊಮ್ಮಗಳೂ ಎರಡನೇ ಕ್ಲಾಸಿನಲ್ಲಿದ್ದಾಳೆ, ಅವಳ ಕೈಯೂ ಇರಬೇಕು.

"ಮತ್ತೆ ಆ ಮೂರು ಮಕ್ಕಳು," ಹೆಡ್ ಮೇಡಂ ದನಿ ತಗ್ಗಿಸಿದರು. "ಅವರಿಗೆ ಬಣ್ಣ ಬೇರೆ ತಟ್ಟೆಲಿ ಹಾಕು. ಎಲ್ಲರದೂ ಮುಗಿದ ಮೇಲೆ, ಕೆಳಗೆ, ಅಂಚಿನ ಹತ್ರ. ಅಲ್ಲಿ ಮುಂದೆ ಹೂಕುಂಡ ಬರತ್ತೆ."

"ನಾವೆಲ್ಲರೂ ಒಂದು ಅಂತ ಬರೀಬೇಕಲ್ವಾ ಮೇಡಂ?"

"ಅದನ್ನ ದೊಡ್ಡದಾಗಿ ಬರಿ," ಎಂದರು ಹೆಡ್ ಮೇಡಂ. ಅವರು ವ್ಯಂಗ್ಯ ಮಾಡುತ್ತಿರಲಿಲ್ಲ.

ಅಂಗಳದಲ್ಲಿ ಬಟ್ಟೆ ಹಾಸಿದರು. ಮಕ್ಕಳು ಸಾಲಾಗಿ ನಿಂತರು. ಆಯಾ ಬಕೆಟ್ಟು, ಸೋಪು, ಟವೆಲ್ಲು ತಂದಿಟ್ಟಳು. ಬಣ್ಣ ತುಂಬಿದ ಅಗಲವಾದ ತಟ್ಟೆಗಳು ಒಂದು ಕಡೆ. ಬೇರೆ ತಟ್ಟೆ ಇನ್ನೊಂದು ಕಡೆ, ಗೋಡೆಯ ಬುಡದಲ್ಲಿ. ಅದು ಆಯಾ ಬೆಕ್ಕಿಗೆ ಹಾಲು ಹಾಕುತ್ತಿದ್ದ ತಟ್ಟೆ. ಆ ಮೂರು ಮಕ್ಕಳನ್ನು ಯಾರೂ ಅಲ್ಲಿ ನಿಲ್ಲಿಸಿರಲಿಲ್ಲ. ತಾವಾಗಿಯೇ ಹೋಗಿ ಅದರ ಪಕ್ಕ ನಿಂತಿದ್ದರು.

ಡ್ರಾಯಿಂಗ್ ಮಿಸ್ಸು ಮಂಡಿಯೂರಿ ಕೆಲಸ ಶುರುಮಾಡಿದಳು. ಒಂದೊಂದೇ ಮಣಿಕಟ್ಟು ಹಿಡಿದು, ಅಂಗೈಯನ್ನು ತಟ್ಟೆಗೆ ಒತ್ತಿ, ಬಟ್ಟೆಯ ಮೇಲೆ ಇಟ್ಟು, ಬೆರಳು ಬೆರಳಾಗಿ ಅದುಮಿ, ಮೇಲಕ್ಕೆತ್ತಬೇಕು. ಕಲ್ಲುಹಾಸಿನ ಮೇಲೆ ಮಂಡಿ ಸುಡುತ್ತಿತ್ತು. ಕೈಗವಸು ಬಣ್ಣ ಹೀರಿ ಭಾರವಾಯಿತು. ಮಣಿಕಟ್ಟು ಹಿಡಿತಕ್ಕೆ ಸಿಗದೆ ಜಾರಿ ಅಚ್ಚು ಎರಡೆರಡಾಗಿ ಮೂಡಿತು. ಆರು ಬೆರಳು, ಏಳು ಬೆರಳು. ಮಕ್ಕಳು ನಕ್ಕವು. "ಮಿಸ್, ನನ್ನ ಕೈ ಹೀಗಿಲ್ಲ" ಎಂದು ಒಂದು ಮಗು ಅಳುಮೋರೆ ಮಾಡಿತು.

ಅವಳು ಕೈಗವಸು ಕಳಚಿ ಬಕೆಟ್ಟಿಗೆ ಎಸೆದಳು.

ಬರಿಗೈಯಲ್ಲಿ ಮಗುವಿನ ಮಣಿಕಟ್ಟು ಹಿಡಿದಳು. ಬಿಸಿಯಾದ, ಬೆವರಿದ, ಮಿಡಿಯುವ ಮಣಿಕಟ್ಟು. ಎಷ್ಟು ದಿನವಾಗಿತ್ತು. ಅವಳ ಕಣ್ಣು ತುಂಬಿ ಬಂತು. ಅಚ್ಚು ಸ್ವಚ್ಛವಾಗಿ ಬಿತ್ತು. ಇನ್ನೊಂದು. ಮತ್ತೊಂದು. ಅಧ್ಯಕ್ಷರ ಮೊಮ್ಮಗಳು ಬಂದಳು. ಗುಂಡನೆಯ ಅಗಲ ಅಂಗೈ, ದೂರ ಚಾಚಿದ ಹೆಬ್ಬೆರಳು. ಎಲ್ಲ ಬಲ ಹಾಕಿ ಒತ್ತಿದಳು. "ನಂದು ಎಲ್ಲರಿಗಿಂತ ದೊಡ್ಡದು ಅಲ್ವಾ ಮಿಸ್?" ಎಂದಳು. ಹೌದು ಎಂದಳು ಮಿಸ್ಸು. ಸಾಲು ಅರ್ಧ ಮುಗಿದಿತ್ತು. ಬಟ್ಟೆಯ ನಡುವೆ ಅಲ್ಲಲ್ಲಿ ಬಿಳಿ ಜಾಗ ಉಳಿದಿತ್ತು.

ಗೋಡೆಯ ಬುಡಕ್ಕೆ ತಿರುಗಿ ಕರೆದಳು. "ಗುಬ್ಬಿ. ನೀವು ಮೂವರೂ ಬನ್ನಿ ಇಲ್ಲಿ."

ಅವರು ಬೇರೆ ತಟ್ಟೆಯನ್ನು ಎತ್ತಿಕೊಂಡು ಬಂದರು.

"ಅದು ಬೇಡ. ಅಲ್ಲೇ ಇಡಿ."

"ಮಿಸ್ಸೇ," ಎಂದಳು ಆಯಾ ಮೆಲ್ಲಗೆ, "ಹೆಡ್ ಮೇಡಂ ನೋಡಿದ್ರೆ..."

"ನೋಡಲಿ."

"ನನ್ನ ಹೊಟ್ಟೆ ಮೇಲೂ ಹೊಡೀತಾರಮ್ಮ."

"ನೀನು ಏನೂ ನೋಡಿಲ್ಲ. ಟವೆಲ್ ಹಿಂಡ್ತಾ ಇದ್ದೆ."

ಆಯಾ ಬೆನ್ನು ತಿರುಗಿಸಿ ನಿಂತು, ಒಣಗಿದ ಟವೆಲನ್ನೇ ಹಿಂಡತೊಡಗಿದಳು. ಮೂವರ ಕೈಗಳೂ ಎಲ್ಲರ ತಟ್ಟೆಯಲ್ಲಿ ಅದ್ದಿ ಎದ್ದವು, ಎಲ್ಲರ ನಡುವೆ ಬಿದ್ದವು. ಒಂದು ಇಲ್ಲಿ, ಒಂದು ಅಲ್ಲಿ, ಗುಬ್ಬಿಯದು ಇನ್ನೆಲ್ಲೋ. ಅದರ ಮೇಲೆ, ಕೆಳಗೆ, ಪಕ್ಕದಲ್ಲಿ ಮಿಕ್ಕ ಮಕ್ಕಳ ಕೈಗಳು ಬಂದು ಒತ್ತಿಕೊಂಡವು. ಮುಗಿಯುವ ಹೊತ್ತಿಗೆ ಬಟ್ಟೆಯ ತುಂಬ ನೀಲಿ ಕೈಗಳು. ಮಕ್ಕಳಿಗೇ ತಮ್ಮ ಕೈ ಯಾವುದೆಂದು ತಿಳಿಯದಾಗಿತ್ತು.

ಮೇಲಿನ ಕಿಟಕಿಯಲ್ಲಿ ಲೆಕ್ಕದ ಮೇಷ್ಟ್ರು ನಿಂತಿದ್ದರು.

ಸಂಜೆ ಶಾಲೆಯ ದೊಡ್ಡ ಹಾಲಿನಲ್ಲಿ ಬಟ್ಟೆಯನ್ನು ತೂಗುಹಾಕಿದ್ದರು. ಹೆಡ್ ಮೇಡಂ ಅದರ ಮುಂದೆ ನಿಂತಿದ್ದರು. ಪಕ್ಕದಲ್ಲಿ ಮೇಷ್ಟ್ರು, ಕೈಯಲ್ಲಿ ಬಿಳಿ ಬಣ್ಣದ ಡಬ್ಬ ಮತ್ತು ಬ್ರಷ್ಷು.

"ಅವರದು ಯಾವುದು, ತೋರಿಸು," ಎಂದರು ಹೆಡ್ ಮೇಡಂ.

ಡ್ರಾಯಿಂಗ್ ಮಿಸ್ಸು ಕೈ ಕಟ್ಟಿಕೊಂಡಳು.

"ಗಲಾಟೆ ಬೇಡ. ನಾನು ಬೈಯೋಳೂ ಅಲ್ಲ. ಮೂರು ಕೈ. ತೋರಿಸಿದ್ರೆ ಮೇಷ್ಟ್ರು ಬಿಳಿ ಹಚ್ತಾರೆ. ಮುಗೀತು." ಮೇಜಿನ ಮೇಲೆ ಒಂದು ಕಂದು ಲಕೋಟೆ ಇಟ್ಟರು. ಬೀರುವಿನ ತುಕ್ಕಿನ ವಾಸನೆ ಇನ್ನೂ ಅದರಲ್ಲಿತ್ತು. "ನಿನ್ನ ಸರ್ಟಿಫಿಕೇಟು. ತೋರಿಸು, ತಗೋ, ಹೋಗು. ವರ್ಷ ಮುಗಿಯೋದೂ ಬೇಡ."

ಅವಳು ಲಕೋಟೆ ನೋಡಿದಳು. ಅದರ ಒಳಗೆ ಅಪ್ಪನ ಅಷ್ಟು ವರ್ಷದ ಸುಣ್ಣ ಇತ್ತು. ಬಟ್ಟೆಯನ್ನು ನೋಡಿದಳು. ಗುಬ್ಬಿಯ ಕಿರುಬೆರಳು ಒಳಕ್ಕೆ ಮಡಿಚಿಕೊಂಡೇ ಇರುತ್ತದೆ, ಅಚ್ಚಿನಲ್ಲಿ ಅದು ಗಿಡ್ಡ. ಅದು ಅಲ್ಲೇ ಇತ್ತು, 'ಒಂದು' ಎಂಬ ಪದದ ಹತ್ತಿರ. ಕಣ್ಣು ಅಲ್ಲಿ ನಿಲ್ಲದಂತೆ ಅವಳು ನೆಲ ನೋಡಿದಳು.

"ಯಾವುದು ಅಂತ ಗೊತ್ತಿಲ್ವೇ?" ಎಂದರು ಮೇಷ್ಟ್ರು.

"ಗೊತ್ತು."

"ಹಾಗಾದ್ರೆ ತೋರಿಸ್ರೀ."

"ತೋರಿಸಲ್ಲ."

ಅವಳ ಹೆದರಿಕೆ ಹೋಗಿರಲಿಲ್ಲ. ಹೆದರಿಕೆ ಇದ್ದಂತೆಯೇ ಆ ಮಾತು ಬಂದಿತ್ತು.

ಹೆಡ್ ಮೇಡಂ ಲಕೋಟೆ ಹಿಂದಕ್ಕೆ ಎಳೆದುಕೊಂಡರು. "ನೀವೇ ನೋಡಿ ಮೇಷ್ಟ್ರೇ. ಗೊತ್ತಾಗಲ್ವಾ ಏನು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಟ್ಟೆಯ ಹತ್ತಿರ ಹೋದರು. ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ಆರಿಸತೊಡಗಿದರು. "ಇದು ನೋಡಿ ಮೇಡಂ. ಎಷ್ಟು ಒರಟು. ಹೆಬ್ಬೆರಳು ನೋಡಿ ಎಲ್ಲಿಗೆ ಹೋಗಿದೆ. ಹುಟ್ಟಿನಿಂದಲೇ ಕೆಲಸದವರ ಕೈ ಇದು, ಸಂಶಯವೇ ಇಲ್ಲ." ಬ್ರಷ್ಷು ಬಿಳಿಯಲ್ಲಿ ಅದ್ದಿ ಎಳೆದರು. ಹಾಗೆಯೇ ಇನ್ನೆರಡು ಆರಿಸಿ ಬಳಿದರು.

ಅವರು ಮೊದಲು ಬಳಿದದ್ದು ಅಧ್ಯಕ್ಷರ ಮೊಮ್ಮಗಳ ಕೈಯನ್ನು.

ಡ್ರಾಯಿಂಗ್ ಮಿಸ್ಸಿನ ಬಾಯಿ ತೆರೆಯಿತು. ಆ ಮಗುವಿನ ಕೈಯನ್ನೂ ಅವಳೇ ಹಿಡಿದಿದ್ದಳು. ಆದರೆ ಇದು ಅವರದಲ್ಲ ಎಂದರೆ ಅವರದು ಯಾವುದು ಎಂದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡಳು.

ವಾರ್ಷಿಕೋತ್ಸವದ ದಿನ ಪರದೆ ಸರಿಯಿತು. ಚಪ್ಪಾಳೆ ಬಿತ್ತು. ಅಧ್ಯಕ್ಷರು ಮೈಕಿನಲ್ಲಿ, ಮಕ್ಕಳಲ್ಲಿ ಭೇದವಿಲ್ಲ ಎಂದು ಮಾತಾಡುತ್ತಿದ್ದಾಗ ಮೊಮ್ಮಗಳು ಅವರ ಬೆರಳು ಹಿಡಿದು ಎಳೆದಳು.

"ತಾತಾ, ನನ್ನ ಕೈ ತೋರಿಸ್ತೀನಿ ಬಾ. ಎಲ್ಲರಿಗಿಂತ ದೊಡ್ಡದು." ಬಟ್ಟೆಯ ಹತ್ತಿರ ಹೋಗಿ ಹುಡುಕಿದಳು. ಬಿಳಿಯ ಕಲೆಯ ಮುಂದೆ ನಿಂತಳು. "ಇಲ್ಲೇ ಇತ್ತು. ಯಾರೋ ಬಳಿದಿದ್ದಾರೆ."

ಆಗ ಹಾಲಿನ ಹಿಂಭಾಗದಿಂದ ಒಂದು ಸಣ್ಣ ದನಿ ಕೇಳಿತು. "ಅದು ನಂದು."

ಗುಬ್ಬಿ ಎದ್ದು ನಿಂತಿದ್ದಳು. ಓಣಿಯ ಕೈಗಳಿಗೆ ಬಿಳಿ ಬಳಿದರಂತೆ ಎಂಬ ಮಾತು ಆಯಾಳ ಬಾಯಿಂದ ಅವಳ ಕಿವಿಗೆ ಬಿದ್ದಿತ್ತು. ಬಳಿದದ್ದು ಇದೆ ಎಂದರೆ ಅದು ತನ್ನದೇ ಎಂದು ಅವಳು ತೀರ್ಮಾನ ಮಾಡಿದ್ದಳು.

"ಅಲ್ಲ, ನಂದು," ಎಂದಳು ಮೊಮ್ಮಗಳು.

"ನಿಂದ್ಯಾಕೆ ಬಳೀತಾರೆ? ನಂದೇ ಅದು. ನಾವು ಓಣಿಯವರು."

ಹೆಡ್ ಮೇಡಂ ಮೈಕಿನ ವೈರನ್ನು ಕಿತ್ತರು. ಆದರೆ ಆ ಮಾತಿಗೆ ಮೈಕು ಬೇಕಿರಲಿಲ್ಲ. ಅಧ್ಯಕ್ಷರು ಬಟ್ಟೆ ನೋಡಿದರು, ಮೊಮ್ಮಗಳ ಕೈ ನೋಡಿದರು, ಮೇಷ್ಟ್ರ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಅವರಿಗೆ ಸಿಟ್ಟು ಬಂದದ್ದು ಬಳಿದದ್ದಕ್ಕಲ್ಲ, ತಪ್ಪಾಗಿ ಬಳಿದದ್ದಕ್ಕೆ.

"ಪ್ರತಿ ಕೈ ಕೆಳಗೂ ಹೆಸರು ಬರೆಸಿ," ಎಂದರು. "ಇಂಥ ಅವಾಂತರ ಮತ್ತೆ ಆಗಬಾರದು. ಯಾರಿಗೆ ಗೊತ್ತು ಯಾವುದು ಯಾರದು ಅಂತ?"

ಎಲ್ಲರೂ ಡ್ರಾಯಿಂಗ್ ಮಿಸ್ಸಿನ ಕಡೆ ತಿರುಗಿದರು. ಅವಳು ಗುಬ್ಬಿಯನ್ನು ನೋಡುತ್ತಿದ್ದಳು. ಗುಬ್ಬಿ ಅಳುತ್ತಿದ್ದಳು. ನಿನ್ನದು ಅಲ್ಲಿದೆ, ಚೆನ್ನಾಗಿದೆ, ಯಾರೂ ಮುಟ್ಟಿಲ್ಲ ಎಂದು ಹೇಳಲು ಒಂದು ಬೆರಳು ಎತ್ತಿದರೆ ಸಾಕಿತ್ತು. ಆ ಬೆರಳನ್ನು ಅವಳು ಎತ್ತುವಂತಿರಲಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹೆಸರು ಹೇಳುವವರು ಯಾರು? ಕ್ಲಾಸು ಮಾತ್ರ ತೆಗೆದರು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಅವಳು ಥರ್ಮೋಕೋಲ್ ಕತ್ತರಿಸುತ್ತಾಳೆ. ಕತ್ತರಿಸಿದ ಬಿಳಿ ಪುಡಿ ಕೂದಲಿಗೆ, ರೆಪ್ಪೆಗೆ ಅಂಟುತ್ತದೆ. ತಲೆಯ ಮೇಲೆ ಮಕ್ಕಳ ಕಾಲುಗಳು ಹತ್ತುತ್ತವೆ, ಇಳಿಯುತ್ತವೆ. ಯಾರೂ ಒಳಗೆ ಬರಕೂಡದೆಂದು ಅಪ್ಪಣೆಯಾಗಿದೆ. ಅವಧಿ ಮುಗಿದರೂ ಬೀರು ತೆರೆಯಲಿಲ್ಲ. "ಹೆಸರು ಬರಿ, ತಗೊಂಡು ಹೋಗು" ಎನ್ನುತ್ತಾರೆ ಹೆಡ್ ಮೇಡಂ. ಮಕ್ಕಳನ್ನೇ ಕೇಳಿ ನೋಡಿದ್ದೂ ಆಯಿತು. ಎಲ್ಲ ಮಕ್ಕಳೂ ನಡುವಿನ ಒಂದೇ ಚೆಂದದ ಕೈಯನ್ನು ತೋರಿಸಿ ಜಗಳಕ್ಕೆ ಬಿದ್ದವು.

ಒಂದು ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ಗುಬ್ಬಿ ನಿಂತಳು.

"ಮಿಸ್. ಬಳಿದಿದ್ದು ನಂದೇ ತಾನೆ?"

ಡ್ರಾಯಿಂಗ್ ಮಿಸ್ಸು ಬ್ಲೇಡು ಕೆಳಗಿಟ್ಟಳು. "ಅಲ್ಲ. ನಿನ್ನದು ಇದೆ."

"ಎಲ್ಲಿ?"

ಅವಳು ಮತ್ತೆ ಬ್ಲೇಡು ಎತ್ತಿಕೊಂಡಳು. ಗುಬ್ಬಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಹೇಳಿದ್ರೆ ಅದನ್ನೂ ಬಳೀತಾರಾ?"

"ಬಳೀತಾರೆ."

ಗುಬ್ಬಿ ಯೋಚಿಸಿದಳು. ದೊಡ್ಡವರ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಹಾಗಾದ್ರೆ ನನಗೂ ಹೇಳ್ಬೇಡಿ," ಎಂದು ಮೆಟ್ಟಿಲು ಹತ್ತಿ ಓಡಿದಳು.

ಈಗಲೂ ದಿನಾ ಬೆಳಿಗ್ಗೆ, ಮಕ್ಕಳ ಪ್ರಾರ್ಥನೆಗೆ ಮುಂಚೆ, ಅವಳನ್ನು ಹಾಲಿಗೆ ಕರೆಸುತ್ತಾರೆ. ಬಟ್ಟೆಯ ಮುಂದೆ ನಿಲ್ಲಿಸುತ್ತಾರೆ. ಅವಳು ಸೆರಗು ಸರಿಮಾಡಿಕೊಂಡು, ಕೈ ಕಟ್ಟಿಕೊಂಡು ನಿಲ್ಲುತ್ತಾಳೆ. ಅಷ್ಟು ಕೈಗಳನ್ನೂ ಒಂದೊಂದಾಗಿ, ಒಂದೇ ಸಮನಾಗಿ, ಯಾವುದರ ಮೇಲೂ ತುಸು ಹೆಚ್ಚು ನಿಲ್ಲದಂತೆ ನೋಡುತ್ತಾಳೆ. ಅದೇ ಅವಳಿಗೆ ಉಳಿದಿರುವ ಪಾಠ.

"ಯಾವುದು ಯಾರದು?" ಎಂದು ಕೇಳುತ್ತಾರೆ ಹೆಡ್ ಮೇಡಂ.

"ಹೇಳಲ್ಲ."

ಗಂಟೆ ಹೊಡೆಯುತ್ತದೆ.